ಶರ್ವ, ಅಮೋಘವರ್ಷ, ನೃಪತುಂಗ: ಒಬ್ಬ ದೊರೆಯ ಹೆಸರುಗಳ ಚರಿತ್ರೆ

ಕನ್ನಡ ಸಾಹಿತ್ಯ ಚರಿತ್ರೆಯ ಮೊದಲ ಪುಟಗಳಲ್ಲಿಯೇ ಎದುರಾಗುವ ದೊರೆ ನೃಪತುಂಗ. ದಖನ್ನಿನ ರಾಜಕೀಯ ಚರಿತ್ರೆಯಲ್ಲಿ ಅವನೇ ಒಂದನೆಯ ಅಮೋಘವರ್ಷ. ಹುಟ್ಟಿದಾಗ ಅವನಿಗೆ ಬಂದ ಹೆಸರು ಇವೆರಡೂ ಅಲ್ಲ, ಅದು ಶರ್ವ. ಇವುಗಳಲ್ಲದೆ ಅತಿಶಯಧವಳ, ವೀರನಾರಾಯಣ, ಶ್ರೀವಲ್ಲಭ, ಲಕ್ಷ್ಮೀವಲ್ಲಭ ಮೊದಲಾದ ಹೆಸರುಗಳು ಅವನ ಸುಮಾರು ೬೪ ವರ್ಷಗಳ ಆಳ್ವಿಕೆಯ ಶಾಸನಗಳಲ್ಲಿಯೂ ಗ್ರಂಥಗಳಲ್ಲಿಯೂ ಹರಡಿಕೊಂಡಿವೆ. ಅರಸರ ಬಿರುದುಗಳನ್ನು ಹೊಗಳಿಕೆಯ ಮಾತುಗಳೆಂದು ಬದಿಗಿಡುವುದು ವಾಡಿಕೆ. ಆದರೆ ಯಾವ ಹೆಸರು ಯಾವಾಗ, ಎಲ್ಲಿ, ಯಾರ ಬಾಯಲ್ಲಿ ಬಂದಿತೆಂದು ಗಮನಿಸಿದರೆ ಈ ದೊರೆಯ ಬಾಳಿನ ಏರಿಳಿತಗಳು ಆ ಹೆಸರುಗಳಲ್ಲಿಯೇ ತೋರುತ್ತವೆ. ಅಷ್ಟೇ ಅಲ್ಲ, ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥ ಯಾರದೆಂಬ ಪ್ರಶ್ನೆಯೂ ಅವುಗಳಲ್ಲೊಂದನ್ನು ಅವಲಂಬಿಸಿ ನಿಂತಿದೆ.

೧

ಶರ್ವನು ಹುಟ್ಟಿದ್ದು ಅರಮನೆಯಲ್ಲಿ ಅಲ್ಲ, ದಂಡಯಾತ್ರೆಯ ದಾರಿಯಲ್ಲಿ. ಅವನ ತಂದೆ ಮೂರನೆಯ ಗೋವಿಂದ ಉತ್ತರ ಭಾರತದ ಮೇಲೆ ನಡೆಸಿದ ದಿಗ್ವಿಜಯವನ್ನು ಮುಗಿಸಿ ಹಿಂದಿರುಗುತ್ತಿದ್ದ. ಗುರ್ಜರ ಪ್ರತೀಹಾರ ವಂಶದ ನಾಗಭಟ ಸೋತಿದ್ದ. ಬಂಗಾಳದ ಧರ್ಮಪಾಲನೂ ಕನೋಜಿನ ಚಕ್ರಾಯುಧನೂ ತಲೆಬಾಗಿದ್ದರು. ವಿಂಧ್ಯದ ತಪ್ಪಲಿನಲ್ಲಿ ಮಾರಶರ್ವನೆಂಬ ಅರಸ ಕಾಣಿಕೆಗಳೊಡನೆ ಬಂದು ಗೋವಿಂದನನ್ನು ಎದುರುಗೊಂಡ. ಮಳೆಗಾಲ ಕಳೆಯುವವರೆಗೆ ಸೈನ್ಯ ಶ್ರೀಭವನದಲ್ಲಿ ತಂಗಿತು. ಗುಜರಾತಿನ ಭರೂಚಿಗೆ ಸಮೀಪದ ಇಂದಿನ ಸರಭೋಣವೇ ಈ ಶ್ರೀಭವನ ಎಂದು ಗುರುತಿಸಲಾಗಿದೆ. ಕ್ರಿ. ಶ. ೮೦೦ರ ಸುಮಾರಿಗೆ ರಾಜಕುಮಾರ ಜನಿಸಿದ್ದು ಅಲ್ಲಿ. ಶಕ ೭೯೩ರ, ಎಂದರೆ ಕ್ರಿ. ಶ. ೮೭೧ರ ಸಂಜಾನ ತಾಮ್ರಪಟಗಳು ಈ ವಿವರವನ್ನು ಉಳಿಸಿಕೊಟ್ಟಿವೆ.

ಶರ್ವ ಎಂಬುದು ಶಿವನ ಹೆಸರು. ಆತಿಥ್ಯ ನೀಡಿದ ಮಾರಶರ್ವನ ಹೆಸರಿಗೂ ಮಗುವಿನ ಹೆಸರಿಗೂ ಇರುವ ಹೋಲಿಕೆಯನ್ನು ಇತಿಹಾಸಕಾರರು ಗಮನಿಸಿದ್ದಾರೆ. ಅದು ಹೇಗೇ ಇರಲಿ, ಈ ಹೆಸರು ಹೆಚ್ಚು ಕಾಲ ಬಳಕೆಯಲ್ಲಿ ಉಳಿಯಲಿಲ್ಲ. ಕೆಲವೇ ಶಾಸನಗಳು ಅವನನ್ನು ಶರ್ವನೆಂದು ಕರೆಯುತ್ತವೆ. ಪಟ್ಟವೇರಿದೊಡನೆ ಅರಸನ ಸ್ವಂತ ಹೆಸರು ಹಿಂದೆ ಸರಿದು ಪಟ್ಟದ ಹೆಸರು ಮುಂದೆ ಬರುವುದು ಆ ವಂಶದ ಪದ್ಧತಿಯಾಗಿತ್ತು.

೨

ಕ್ರಿ. ಶ. ೮೧೪ರಲ್ಲಿ ಗೋವಿಂದ ತೀರಿಕೊಂಡಾಗ ಮಗನಿಗೆ ಹದಿನಾಲ್ಕರ ಆಸುಪಾಸಿನ ವಯಸ್ಸು. ಆ ಬಾಲಕನಿಗೆ ಸಂದ ಪಟ್ಟದ ಹೆಸರು ಅಮೋಘವರ್ಷ: ಹುಸಿಯಾಗದ ಮಳೆ. ರಾಷ್ಟ್ರಕೂಟರಲ್ಲಿ ಹೆಸರಿನ ಕೊನೆಗೆ ಮಳೆಯನ್ನು ತರುವ ರೂಢಿ ಅದಕ್ಕೆ ಮೊದಲೇ ಬೇರೂರಿತ್ತು. ಒಂದನೆಯ ಕೃಷ್ಣ ಅಕಾಲವರ್ಷ, ಧ್ರುವ ಧಾರಾವರ್ಷ, ತಂದೆ ಗೋವಿಂದ ಪ್ರಭೂತವರ್ಷ. ಗುಜರಾತಿನ ಲಾಟ ಪ್ರದೇಶವನ್ನು ಆಳುತ್ತಿದ್ದ ದಾಯಾದಿ ಕರ್ಕನೂ ಸುವರ್ಣವರ್ಷನೆನಿಸಿಕೊಂಡಿದ್ದ. ಮಳೆಯನ್ನೇ ನೆಚ್ಚಿ ಬದುಕುವ ದಖನ್ನಿನ ಬಯಲುಸೀಮೆಯಲ್ಲಿ ದೊರೆಯ ಕೊಡುಗೈಗೆ ಇದಕ್ಕಿಂತ ದೊಡ್ಡ ಉಪಮಾನ ಸಿಗುವುದು ಕಷ್ಟ.

ಹೆಸರು ಅಮೋಘವಾದರೂ ಆಳ್ವಿಕೆಯ ಆರಂಭ ಹಾಗಿರಲಿಲ್ಲ. ಗೋವಿಂದನ ತೋಳ್ಬಲಕ್ಕೆ ಅಂಜಿ ಸುಮ್ಮನಿದ್ದ ಸಾಮಂತರು, ಅಧಿಕಾರಿಗಳು, ಬಂಧುಗಳು ಬಾಲಕನ ಕಾಲದಲ್ಲಿ ತಲೆಯೆತ್ತಿದರು. ಕ್ರಿ. ಶ. ೮೧೮ರ ವೇಳೆಗೆ ಬಂಡಾಯ ಬಲಿತು ಅಮೋಘವರ್ಷ ಸಿಂಹಾಸನವನ್ನೇ ಕಳೆದುಕೊಂಡನೆಂದು ವಿದ್ವಾಂಸರು ಊಹಿಸಿದ್ದಾರೆ. ಅವನ ನೆರವಿಗೆ ನಿಂತವನು ಪೋಷಕನಾಗಿದ್ದ ಕರ್ಕ. ಕ್ರಿ. ಶ. ೮೨೧ರ ಸೂರತ್ ತಾಮ್ರಪಟಗಳು ಕರ್ಕನು ದಂಗೆಕೋರರನ್ನು ಅಡಗಿಸಿ ಅಮೋಘವರ್ಷನನ್ನು ಮತ್ತೆ ನೆಲೆಗೊಳಿಸಿದ ಸಂಗತಿಯನ್ನು ಹೇಳುತ್ತವೆ. ಕಳೆದುಹೋದ ರಾಜ್ಯ ಮರಳಿ ಬಂದಿತು. ಆದರೆ ಅದು ತನ್ನ ಹೆಸರಿನ ಬಲದಿಂದಲ್ಲ, ಮತ್ತೊಬ್ಬನ ನಿಷ್ಠೆಯಿಂದ ಬಂದಿತು. ಮುಂದಿನ ಆರು ದಶಕಗಳ ನಡವಳಿಕೆಯನ್ನು ಅರಿಯಲು ಈ ಎಳೆಯ ವಯಸ್ಸಿನ ಅನುಭವವನ್ನು ನೆನಪಿನಲ್ಲಿಡಬೇಕಾಗುತ್ತದೆ.

ಮುಪ್ಪಿನ ಕಾಲದ ಒಂದು ಶಾಸನ ಪಟ್ಟದ ಹೆಸರಿಗೆ ಬೇರೆಯದೇ ಅರ್ಥವನ್ನು ಕೊಡುತ್ತದೆ. ಲೋಕಕ್ಕೆ ಉಪದ್ರವ ಒದಗಿದಾಗ ಅದನ್ನು ನಿವಾರಿಸಲು ಅಮೋಘವರ್ಷ ತನ್ನ ಎಡಗೈಯ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಸಂಜಾನ ತಾಮ್ರಪಟಗಳು ಹೇಳುತ್ತವೆ. ಜೀಮೂತವಾಹನ, ಶಿಬಿ, ದಧೀಚಿಯರೊಡನೆ ಅವನನ್ನು ಹೋಲಿಸುತ್ತವೆ. ಪ್ರಶಸ್ತಿಕಾರನ ಉತ್ಸಾಹವನ್ನು ಎಷ್ಟೇ ಕಳೆದು ನೋಡಿದರೂ ಒಂದು ಮಾತು ಉಳಿಯುತ್ತದೆ. ಹುಸಿಯಾಗದ ಮಳೆಯೆಂದು ಕರೆಸಿಕೊಂಡವನಿಗೆ ಆ ಹೆಸರು ಅಲಂಕಾರವಾಗಿರುವಂತೆ ಹೊಣೆಯೂ ಆಗಿರುತ್ತದೆ. ಅದನ್ನು ಅವನು ತೀರಿಸಿದನೆಂಬ ನಂಬಿಕೆ ಅವನ ಕಾಲದಲ್ಲಿಯೇ ಬೆಳೆದಿತ್ತು.

೩

ರಾಜ್ಯ ಕೈಸೇರಿದ ಮೇಲೂ ಯುದ್ಧಗಳು ತಪ್ಪಲಿಲ್ಲ. ವೆಂಗಿಯ ಪೂರ್ವ ಚಾಲುಕ್ಯರೊಡನೆ ಹಗೆ ಮುಂದುವರಿದು ವಿಂಗವಳ್ಳಿಯ ಕಾಳಗದಲ್ಲಿ ಅಮೋಘವರ್ಷನಿಗೆ ಜಯ ದೊರೆಯಿತು. ತಲಕಾಡಿನ ಗಂಗರು ಬಹುಕಾಲ ಪ್ರತಿಭಟಿಸಿದರು. ಅವರ ಮೇಲೆ ಹೋದ ಸೇನಾನಿ ಮುಕುಲ ವಂಶದ ಬಂಕೇಶ. ರಾಜಧಾನಿಯಲ್ಲಿ ಒಳಜಗಳ ತಲೆದೋರಿ ಯುವರಾಜನೂ ಅದರಲ್ಲಿ ಸೇರಿದಾಗ ಅರಸ ಹಿಂದಕ್ಕೆ ಕರೆಸಿಕೊಂಡದ್ದು ಇದೇ ಬಂಕೇಶನನ್ನು. ಕ್ರಿ. ಶ. ೮೬೦ರ ಕಾಲವನ್ನು ಹೇಳುವ ಕೊಣ್ಣೂರಿನ ಶಾಸನ ಅವನ ಸೇವೆಯನ್ನು ವಿಸ್ತಾರವಾಗಿ ಬಣ್ಣಿಸುತ್ತದೆ. ಬಂಕಾಪುರ ಇಂದಿಗೂ ಅವನ ಹೆಸರನ್ನು ಹೊತ್ತಿದೆ. ಆದರೆ ಗಂಗರೊಡನೆ ಕೊನೆಗೆ ಶಾಂತಿ ನೆಲೆಸಿದ್ದು ಕತ್ತಿಯಿಂದಲ್ಲ, ನಂಟಸ್ತಿಕೆಯಿಂದ. ಮಗಳು ಚಂದ್ರೊಬಲಬ್ಬೆಯನ್ನು ಅಮೋಘವರ್ಷ ಗಂಗರ ಬೂತುಗನಿಗೆ ಕೊಟ್ಟು ವಿವಾಹ ಮಾಡಿದ. ದಂಗೆಯ ನಡುವೆ ಬೆಳೆದ ಅರಸ ದಿಗ್ವಿಜಯಕ್ಕಿಂತ ರಾಜ್ಯದ ನೆಮ್ಮದಿಯನ್ನು ಹೆಚ್ಚು ಬಯಸಿದಂತೆ ತೋರುತ್ತದೆ.

ಈ ನಡುವೆ ಮಾನ್ಯಖೇಟ ರಾಜಧಾನಿಯಾಗಿ ಬೆಳೆಯಿತು. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ಅದು. ಬಿರುದುಗಳು ತುಂಬಿ ನಿಂತದ್ದೂ ಈ ಕಾಲದಲ್ಲಿಯೇ. ಕ್ರಿ. ಶ. ೮೬೬ರಲ್ಲಿ, ಆಳ್ವಿಕೆಯ ೫೨ನೆಯ ವರ್ಷದಲ್ಲಿ ಹುಟ್ಟಿದ ಸಿರೂರು ಮತ್ತು ನೀಲಗುಂದದ ಶಾಸನಗಳಲ್ಲಿ ಅಮೋಘವರ್ಷ, ನೃಪತುಂಗ, ಅತಿಶಯಧವಳ, ಲಕ್ಷ್ಮೀವಲ್ಲಭ ಎಂಬ ಹೆಸರುಗಳು ಒಟ್ಟಾಗಿ ಕಾಣಿಸಿಕೊಳ್ಳುತ್ತವೆ. ಗರುಡಲಾಂಛನವೂ, ವಂಶದ ಮೂಲಸ್ಥಾನವಾದ ಲಟ್ಟಲೂರಿನ ಒಡೆತನವೂ ಅವುಗಳ ಜೊತೆಗಿವೆ. ಮಹಾರಾಷ್ಟ್ರದ ಇಂದಿನ ಲಾತೂರು ಆ ಲಟ್ಟಲೂರು.

ಈ ಹೆಸರುಗಳಲ್ಲಿ ಹೊಸದು ಕಡಮೆ, ವಂಶದಿಂದ ಬಂದದ್ದು ಹೆಚ್ಚು. ತಂದೆ ಜಗತ್ತುಂಗ, ಮಗ ನೃಪತುಂಗ. ತಂದೆ ತ್ರಿಭುವನಧವಳ, ಮಗ ಅತಿಶಯಧವಳ. ತಂದೆ ಕೀರ್ತಿನಾರಾಯಣ, ಮಗ ವೀರನಾರಾಯಣ. ಬಿರುದಿನ ಎರಡನೆಯ ಪದ ವಂಶದ್ದು, ಮೊದಲನೆಯ ಪದ ಮಾತ್ರ ವ್ಯಕ್ತಿಯದು. ಒಮ್ಮೆ ಸಿಂಹಾಸನವನ್ನು ಕಳೆದುಕೊಂಡಿದ್ದ ಅರಸನಿಗೆ ತಾನು ಗೋವಿಂದನ ನಿಜವಾದ ಉತ್ತರಾಧಿಕಾರಿಯೆಂದು ಪ್ರತಿ ದಾನಶಾಸನದಲ್ಲಿಯೂ ಸಾರಲು ಈ ಕ್ರಮ ಒದಗಿಬಂದಿತು.

೪

ಬಿರುದು ವ್ಯಕ್ತಿಯಿಂದ ಬಿಡಿಸಿಕೊಂಡು ಪದವಿಯೇ ಆಗಿಬಿಡುವುದಕ್ಕೆ ವಲ್ಲಭ ಎಂಬ ಮಾತು ನಿದರ್ಶನ. ಬಾದಾಮಿಯ ಚಾಲುಕ್ಯರಿಂದ ರಾಷ್ಟ್ರಕೂಟರಿಗೆ ರಾಜ್ಯದೊಡನೆ ಬಂದ ಬಿರುದು ಅದು. ಕನ್ನಡದಲ್ಲಿ ಅದು ಬಲ್ಲಹ ಎಂದಾಯಿತು. ಅರಬ್ಬರ ಬಾಯಲ್ಲಿ ಬಲ್ಹರಾ ಎಂದಾಯಿತು. ಅಮೋಘವರ್ಷನ ಕಾಲದಲ್ಲಿಯೇ, ಕ್ರಿ. ಶ. ೮೫೧ರಲ್ಲಿ, ರೂಪುಗೊಂಡ ವರ್ತಕ ಸುಲೈಮಾನನ ವೃತ್ತಾಂತ ಲೋಕದ ನಾಲ್ವರು ಹಿರಿಯ ಅರಸರಲ್ಲಿ ಬಲ್ಹರಾನನ್ನು ಸೇರಿಸುತ್ತದೆ. ಉಳಿದ ಮೂವರು ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ ಮತ್ತು ರೂಮಿನ, ಎಂದರೆ ಕಾನ್‌ಸ್ಟಾಂಟಿನೋಪಲಿನಿಂದ ಆಳುತ್ತಿದ್ದ ರೋಮನ್ ಚಕ್ರವರ್ತಿ. ಬಲ್ಹರಾ ಎಂಬುದು ಒಬ್ಬನ ಹೆಸರಲ್ಲ, ಪಾರಸಿಕರ ಕಿಸ್ರಾ ಎಂಬುದರಂತೆ ಆ ಪೀಠದ ಅರಸರೆಲ್ಲರಿಗೂ ಸಲ್ಲುವ ಹೆಸರು ಎಂಬುದನ್ನು ಆ ವೃತ್ತಾಂತ ಸರಿಯಾಗಿಯೇ ಗುರುತಿಸಿದೆ. ಈ ಅರಸರು ದೀರ್ಘಾಯುಗಳು, ಐವತ್ತು ವರ್ಷ ಆಳುವವರೂ ಉಂಟು ಎಂಬ ಮಾತಿನ ಹಿಂದೆ ಅಮೋಘವರ್ಷನ ನೆರಳು ಕಾಣುತ್ತದೆ.

ಅದೇ ಪಟ್ಟಿಯಲ್ಲಿರುವ ರೋಮನ್ ಸಾಮ್ರಾಜ್ಯದ ಚರಿತ್ರೆಯಲ್ಲಿಯೂ ಇಂಥದೇ ಬೆಳವಣಿಗೆ ನಡೆದಿತ್ತು. ಕ್ರಿ. ಪೂ. ೬೩ರಲ್ಲಿ ಆಕ್ಟೇವಿಯಸ್ ಎಂಬ ಹೆಸರಿನಲ್ಲಿ ಹುಟ್ಟಿದವನು ಜೂಲಿಯಸ್ ಸೀಸರನ ದತ್ತುಮಗನಾಗಿ ಸೀಸರ್ ಎನಿಸಿಕೊಂಡ, ಕ್ರಿ. ಪೂ. ೨೭ರಲ್ಲಿ ಅಲ್ಲಿಯ ಸೆನೆಟ್ ಸಭೆಯಿಂದ ಅಗಸ್ಟಸ್ ಎಂಬ ಗೌರವವನ್ನು ಪಡೆದ. ಮುಂದೆ ಸೀಸರ್ ಎಂಬ ಮನೆತನದ ಹೆಸರೂ ಅಗಸ್ಟಸ್ ಎಂಬ ಗೌರವವೂ ಅವನ ನಂತರದ ಚಕ್ರವರ್ತಿಗಳ ಪದವಿಸೂಚಕಗಳಾದವು. ಮಾನ್ಯಖೇಟದಲ್ಲಿಯೂ ಅಮೋಘವರ್ಷ ಎಂಬ ಹೆಸರು ಶರ್ವನೊಂದಿಗೆ ಮುಗಿಯಲಿಲ್ಲ. ಮುಂದಿನ ನೂರು ವರ್ಷಗಳಲ್ಲಿ ಇನ್ನೂ ಮೂವರು ಅದನ್ನು ಧರಿಸಿದರು.

೫

ಹೆಸರುಗಳು ಅರಮನೆಯಿಂದ ವಿದ್ವಾಂಸರ ಓಲೆಗರಿಗಳಿಗೆ ದಾಟಿದ ಬಗೆ ಇನ್ನೂ ಸ್ವಾರಸ್ಯಕರವಾಗಿದೆ. ಶಾಕಟಾಯನನೆಂದು ಪ್ರಸಿದ್ಧನಾದ ಪಾಲ್ಯಕೀರ್ತಿ ತನ್ನ ಸಂಸ್ಕೃತ ವ್ಯಾಕರಣಕ್ಕೆ ತಾನೇ ಬರೆದ ವ್ಯಾಖ್ಯಾನವನ್ನು ಅಮೋಘವೃತ್ತಿ ಎಂದು ಕರೆದ. ಭೂತಕಾಲದ ಕ್ರಿಯಾಪದಕ್ಕೆ ಉದಾಹರಣೆ ಬೇಕಾದಾಗ ಅಮೋಘವರ್ಷ ಶತ್ರುಗಳನ್ನು ಸುಟ್ಟ ಸಂಗತಿಯನ್ನೇ ಬಳಸಿಕೊಂಡ. ಗಣಿತಜ್ಞ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದ ಆರಂಭದಲ್ಲಿ ಈ ಅರಸನನ್ನು ಸ್ತುತಿಸಿದ್ದಾನೆ. ವೀರಸೇನ ಆರಂಭಿಸಿ ಜಿನಸೇನ ಕ್ರಿ. ಶ. ೮೩೭ರಲ್ಲಿ ಮುಗಿಸಿದ ಆಗಮವ್ಯಾಖ್ಯಾನದ ಹೆಸರು ಜಯಧವಳ. ಅದರಲ್ಲಿಯೂ ಅದಕ್ಕೆ ಹಿಂದಿನ ಧವಳದಲ್ಲಿಯೂ ಅತಿಶಯಧವಳ ಎಂಬ ಬಿರುದಿನ ದನಿಯನ್ನು ಕೇಳಿದ ವಿದ್ವಾಂಸರಿದ್ದಾರೆ.

ಜಿನಸೇನನ ಪಾದಗಳಿಗೆ ಎರಗಿ ಅರಸ ತನ್ನನ್ನು ಪವಿತ್ರನೆಂದು ಭಾವಿಸಿದನೆಂದು ಗುಣಭದ್ರನ ಉತ್ತರಪುರಾಣ ತಿಳಿಸುತ್ತದೆ. ಹಾಗೆಂದು ಅವನ ಹೆಸರುಗಳನ್ನು ಒಂದೇ ಮತಕ್ಕೆ ಸೇರಿಸುವಂತಿಲ್ಲ. ಹುಟ್ಟಿನ ಹೆಸರು ಶಿವನದು, ವೀರನಾರಾಯಣ ವಿಷ್ಣುವಿನದು, ಬೆರಳನ್ನು ಅರ್ಪಿಸಿದ್ದು ಮಹಾಲಕ್ಷ್ಮಿಗೆ, ಗುರು ಜೈನಾಚಾರ್ಯ. ಒಬ್ಬ ಅರಸನಲ್ಲಿ ಇವೆಲ್ಲ ಒಟ್ಟಿಗೆ ನಿಲ್ಲುವುದು ಆ ಕಾಲದ ಕನ್ನಡನಾಡಿಗೆ ವಿರೋಧವಾಗಿ ತೋರಿರಲಿಲ್ಲ.

ಪ್ರಶ್ನೋತ್ತರರತ್ನಮಾಲಿಕೆ ಎಂಬ ಚಿಕ್ಕ ಸಂಸ್ಕೃತ ಕೃತಿ ಇವನದೆಂಬ ಒಂದು ಪರಂಪರೆಯಿದೆ. ವಿವೇಕದಿಂದ ರಾಜ್ಯವನ್ನು ತ್ಯಜಿಸಿದ ಅಮೋಘವರ್ಷ ಅದನ್ನು ರಚಿಸಿದನೆಂದು ಅದರ ಒಂದು ಪಾಠ ಹೇಳುತ್ತದೆ. ಟಿಬೆಟನ್ ಅನುವಾದವೂ ಅದನ್ನು ಈ ಅರಸನಿಗೇ ಸಲ್ಲಿಸುತ್ತದೆ. ಇತರ ಪರಂಪರೆಗಳು ಅದೇ ಕೃತಿಯನ್ನು ಶಂಕರಾಚಾರ್ಯರಿಗೂ ವಿಮಲನಿಗೂ ಸಲ್ಲಿಸುತ್ತವೆ. ಅರಸ ಒಂದಕ್ಕಿಂತ ಹೆಚ್ಚು ಬಾರಿ ರಾಜ್ಯಭಾರವನ್ನು ಬಿಟ್ಟುಕೊಟ್ಟನೆಂಬ ಸಂಜಾನ ತಾಮ್ರಪಟಗಳ ಮಾತು ಮೊದಲನೆಯ ಪರಂಪರೆಗೆ ಬಲ ಕೊಡುತ್ತದೆ. ಬಾಲ್ಯದಲ್ಲಿ ಕೈತಪ್ಪಿದ ರಾಜ್ಯವನ್ನು ಮುಪ್ಪಿನಲ್ಲಿ ತಾನಾಗಿಯೇ ಕೈಬಿಡಬಲ್ಲವನಾದ ಅವನ ಬಾಳಿನ ದಾರಿ ಇಲ್ಲಿ ಪೂರ್ಣಗೊಳ್ಳುತ್ತದೆ.

೬

ಕನ್ನಡಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ನೃಪತುಂಗ ಎಂಬ ಹೆಸರು. ಮೂರು ಪರಿಚ್ಛೇದಗಳ ಕವಿರಾಜಮಾರ್ಗದಲ್ಲಿ ಈ ಹೆಸರಿನೊಡನೆ ಅತಿಶಯಧವಳ, ಅಮೋಘವರ್ಷ, ವೀರನಾರಾಯಣ ಮುಂತಾದವೂ ಬರುತ್ತವೆ. ಗ್ರಂಥದ ಅಭಿಪ್ರಾಯಗಳನ್ನು ಮತ್ತೆಮತ್ತೆ ಆ ಬಿರುದುಗಳ ಒಡೆಯನಿಗೆ ಸಲ್ಲಿಸಲಾಗಿದೆ. ೧೮೯೮ರಲ್ಲಿ ಕವಿರಾಜಮಾರ್ಗವನ್ನು ಮೊದಲು ಪ್ರಕಟಿಸಿದ ಕೆ. ಬಿ. ಪಾಠಕರು ಅದನ್ನು ನೃಪತುಂಗನ ಕೃತಿಯೆಂದೇ ಭಾವಿಸಿದರು. ಅನೇಕರು ಅದನ್ನು ಒಪ್ಪಿದರು. ಚಕ್ರವರ್ತಿಯೇ ಕನ್ನಡದ ಮೊದಲ ಲಾಕ್ಷಣಿಕನಾಗಿದ್ದನೆಂಬ ಭಾವನೆ ನಾಡಿನ ಅಭಿಮಾನಕ್ಕೆ ಹಿತವಾಗಿಯೂ ಇತ್ತು.

ಆದರೆ ಪರಿಚ್ಛೇದಾಂತ್ಯಗಳಲ್ಲಿ ಬರುವ ಮಾತು ನೃಪತುಂಗನ ರಚನೆ ಎಂದಲ್ಲ, ನೃಪತುಂಗನಿಗೆ ಅನುಮತವಾದದ್ದು ಎಂದು. ಅನುಮತ ಎಂಬ ಈ ಒಂದು ಪದದ ಮೇಲೆ ಚರ್ಚೆ ದಶಕಗಳವರೆಗೆ ನಡೆಯಿತು. ಜೆ. ಎಫ್. ಫ್ಲೀಟ್ ಅವರು ಗ್ರಂಥ ಅರಸನದಲ್ಲವೆಂದು ವಾದಿಸಿ ಕವೀಶ್ವರ ಎಂಬವನನ್ನು ಸೂಚಿಸಿದರು. ಕೃತಿಯ ಕೊನೆಯಲ್ಲಿ ಶ್ರೀವಿಜಯನ ಹೆಸರಿರುವುದೂ, ದುರ್ಗಸಿಂಹನು ಶ್ರೀವಿಜಯನ ಕವಿಮಾರ್ಗವನ್ನು ನೆನೆದಿರುವುದೂ ವಿದ್ವಾಂಸರ ಗಮನಕ್ಕೆ ಬಂದವು. ಗ್ರಂಥದ ಒಳಗೇ ಹಿಂದಿನ ಕವಿಗಳ ಸಾಲಿನಲ್ಲಿ ಒಬ್ಬ ಶ್ರೀವಿಜಯ ಇರುವುದು ಒಂದು ತೊಡಕಾಗಿ ಉಳಿದರೂ, ಆಸ್ಥಾನದ ಶ್ರೀವಿಜಯನು ಅರಸನ ಸಮ್ಮತಿಯಿಂದ ಬರೆದನೆಂಬ ಅಭಿಪ್ರಾಯ ಕ್ರಮೇಣ ನೆಲೆಗೊಂಡಿತು.

ಇದರಿಂದ ನೃಪತುಂಗನ ಪಾತ್ರ ಕಿರಿದಾಗುವುದಿಲ್ಲ, ಅದರ ಸ್ವರೂಪ ಬದಲಾಗುತ್ತದೆ. ಕವಿ ತನ್ನ ಹೆಸರನ್ನು ಮರೆಯಲ್ಲಿಟ್ಟು ಅರಸನ ಬಿರುದನ್ನು ಗ್ರಂಥದ ಉದ್ದಕ್ಕೂ ನಿಲ್ಲಿಸಿದ್ದರ ಉದ್ದೇಶ ಸ್ಪಷ್ಟ. ಯಾವುದು ತಿರುಳ್ಗನ್ನಡ, ಯಾವುದು ದೋಷ, ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನಲ್ಲಿ ಬರೆಯುವವರಿಗೆ ಯಾವುದು ದಾರಿ ಎಂಬ ನಿರ್ಣಯಗಳಿಗೆ ಒಬ್ಬ ಪಂಡಿತನ ಮಾತಿಗಿಂತ ದೊಡ್ಡ ಆಧಾರ ಬೇಕಿತ್ತು. ದಾನಶಾಸನಕ್ಕೆ ರಾಜಮುದ್ರೆ ಹೇಗೋ ಕಾವ್ಯಶಾಸ್ತ್ರಕ್ಕೆ ನೃಪತುಂಗ ಎಂಬ ಹೆಸರು ಹಾಗೆ. ಸಂಸ್ಕೃತಕ್ಕೆ ಮನ್ನಣೆಯಿದ್ದ ಆಸ್ಥಾನದಲ್ಲಿ ಕನ್ನಡಕ್ಕೂ ಲಕ್ಷಣಶಾಸ್ತ್ರ ಸಲ್ಲುತ್ತದೆಂದು ಒಪ್ಪಿ ತನ್ನ ಹೆಸರನ್ನು ಅದಕ್ಕೆ ಕೊಟ್ಟದ್ದೇ ಆ ದೊರೆಯ ಹಿರಿಮೆ. ಬಿರುದನ್ನು ಕರ್ತೃವೆಂದು ತಿಳಿದರೆ ಶ್ರೀವಿಜಯನಿಗೆ ಅನ್ಯಾಯವಾಗುತ್ತದೆ. ಬಿರುದನ್ನು ಬರಿಯ ಹೊಗಳಿಕೆಯೆಂದು ತಳ್ಳಿದರೆ ಅರಸನಿಗೆ ಅನ್ಯಾಯವಾಗುತ್ತದೆ.

೭

ಈ ಹೆಸರು ಮಾನ್ಯಖೇಟದಿಂದ ತೆಂಕಣಕ್ಕೆ, ಇಂದಿನ ಚೆನ್ನೈ ಸೇರಿದಂತೆ ಕಂಚಿಯ ಸುತ್ತಣ ತೊಂಡೈಮಂಡಲಕ್ಕೂ ಹೋಯಿತು. ಅಮೋಘವರ್ಷನ ತಂದೆ ಗೋವಿಂದ ಕಂಚಿಗೆ ಹೋದದ್ದು ಸೈನ್ಯದೊಡನೆ. ಪಲ್ಲವ ದಂತಿವರ್ಮನನ್ನು ಗೆದ್ದು ಕಪ್ಪ ಪಡೆದ ಸಂಗತಿಯನ್ನು ಕ್ರಿ. ಶ. ೮೦೪ರ ಕನ್ನಡ ತಾಮ್ರಪಟ ದಾಖಲಿಸಿದೆ. ದಂತಿವರ್ಮನ ಮಗ ಮೂರನೆಯ ನಂದಿವರ್ಮ, ತೆಳ್ಳಾರಿನ ಕಾಳಗದ ವಿಜಯಿ. ಅವನ ರಾಣಿ ಶಂಖಾ ರಾಷ್ಟ್ರಕೂಟ ವಂಶದವಳೆಂದು ಬಾಹೂರಿನ ತಾಮ್ರಪಟಗಳು ತಿಳಿಸುತ್ತವೆ. ಅವು ಅವಳ ತಂದೆಯನ್ನು ಹೆಸರಿಸುವುದಿಲ್ಲ. ಆದರೆ ಅವಳ ಮಗನ ಹೆಸರು ನೃಪತುಂಗ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯನ್ನು ಗಮನಿಸಿ ಅವಳು ಅಮೋಘವರ್ಷ ನೃಪತುಂಗನ ಮಗಳೆಂದು ಇತಿಹಾಸಕಾರರು ನಿರ್ಣಯಿಸಿದ್ದಾರೆ. ಮಾನ್ಯಖೇಟದಲ್ಲಿ ಬಿರುದಾಗಿದ್ದದ್ದು ಕಂಚಿಯಲ್ಲಿ ಹೆಸರೇ ಆಯಿತು.

ಕ್ರಿ. ಶ. ೮೬೯ರ ಸುಮಾರಿಗೆ ಪಟ್ಟಕ್ಕೆ ಬಂದ ಈ ಪಲ್ಲವ ನೃಪತುಂಗನ ತಮಿಳು ಶಾಸನಗಳು ತೊಂಡೈಮಂಡಲದಲ್ಲಿ ದೊರೆತಿವೆ. ಆಂಬೂರಿನ ವೀರಗಲ್ಲುಗಳ ಮೇಲೆ ಈ ಹೆಸರಿದೆ. ಪುದುಚೇರಿಯ ಸಮೀಪದ ಬಾಹೂರಿನ ವಿದ್ಯಾಸ್ಥಾನಕ್ಕೆ ಅವನ ಎಂಟನೆಯ ಆಳ್ವಿಕೆಯ ವರ್ಷದಲ್ಲಿ ಮೂರು ಗ್ರಾಮಗಳು ದಾನವಾಗಿ ಸಂದವು. ತಾಯಿಯ ತವರಿನಿಂದ ಬಂದ ಹೆಸರು ವಿದ್ಯೆಗೆ ನೀಡಿದ ದತ್ತಿಯೊಡನೆ ಉಳಿದುಕೊಂಡದ್ದು ಉಚಿತವಾಗಿಯೇ ಇದೆ.

ಎದುರು ದಿಕ್ಕಿನ ಪಯಣವೂ ಒಂದಿತ್ತು. ಕವಿರಾಜಮಾರ್ಗಕ್ಕೆ ಮುಖ್ಯ ಆಕರ ದಂಡಿಯ ಕಾವ್ಯಾದರ್ಶ. ದಂಡಿಯನ್ನು ವಿದ್ವಾಂಸರು ಕಂಚಿಯ ಪಲ್ಲವರ ಆಸ್ಥಾನದೊಡನೆ ಸಂಬಂಧಿಸುತ್ತಾರೆ. ಕಂಚಿಯ ಶಾಸ್ತ್ರ ಮಾನ್ಯಖೇಟಕ್ಕೆ ಬಂದು ಕನ್ನಡವಾಯಿತು. ಮಾನ್ಯಖೇಟದ ಹೆಸರು ಕಂಚಿಗೆ ಹೋಗಿ ಪಲ್ಲವರದಾಯಿತು. ಆ ಬಳಿಕ ಬಹುಕಾಲ ಕಳೆದು, ೧೯೩೦ರಲ್ಲಿ, ಎ. ವೆಂಕಟರಾವ್ ಮತ್ತು ಎಚ್. ಶೇಷಯ್ಯಂಗಾರ್ಯರ ಸಂಪಾದನೆಯಲ್ಲಿ ಕವಿರಾಜಮಾರ್ಗವನ್ನು ಮದರಾಸು ವಿಶ್ವವಿದ್ಯಾನಿಲಯ ಪ್ರಕಟಿಸಿತು. ನೃಪತುಂಗನ ಹೆಸರು ಈ ನೆಲಕ್ಕೆ ಎರಡನೆಯ ಬಾರಿ ಬಂದದ್ದು ಹೀಗೆ. ಈ ಬಾರಿ ವಿವಾಹದ ಮೂಲಕವಲ್ಲ, ಪುಸ್ತಕದ ಮೂಲಕ.

೮

ಅಮೋಘವರ್ಷನ ಕಾಲದ ಕೊನೆಯ ದಾಖಲೆಗಳಲ್ಲೊಂದು ಕ್ರಿ. ಶ. ೮೭೭ರ ಕನ್ಹೇರಿಯ ಗುಹಾಶಾಸನ. ಮುಂದೆ ಮಗ ಎರಡನೆಯ ಕೃಷ್ಣ ಅಕಾಲವರ್ಷ ಎಂಬ ಹಳೆಯ ಹೆಸರನ್ನು ಧರಿಸಿ ಪಟ್ಟವೇರಿದ. ಅಮೋಘವರ್ಷ ಎಂಬ ಹೆಸರು ಹತ್ತನೆಯ ಶತಮಾನದಲ್ಲಿ ಕೈಯಿಂದ ಕೈಗೆ ಸಾಗಿತು. ಅದನ್ನು ಕೊನೆಯದಾಗಿ ಧರಿಸಿದ ಎರಡನೆಯ ಕರ್ಕ ಕ್ರಿ. ಶ. ೯೭೩ರಲ್ಲಿ ಚಾಲುಕ್ಯ ತೈಲಪನಿಗೆ ರಾಜ್ಯವನ್ನು ಒಪ್ಪಿಸಬೇಕಾಯಿತು. ಮೊದಲ ಅಮೋಘವರ್ಷನಿಗೆ ದೊರೆತ ನಿಷ್ಠೆಯ ನೆರವು ಕೊನೆಯ ಅಮೋಘವರ್ಷನಿಗೆ ದೊರೆಯಲಿಲ್ಲ. ಹೆಸರು ಮಾತ್ರ ರಾಜ್ಯವನ್ನು ಕಾಯಲಾರದೆಂಬುದು ಆ ವಂಶದಲ್ಲಿ ಎರಡು ಬಾರಿ ಸಿದ್ಧವಾಯಿತು.

ಶರ್ವ ಎಂಬ ಹೆಸರು ತಾಮ್ರಪಟಗಳಲ್ಲಿ ಉಳಿಯಿತು. ಅಮೋಘವರ್ಷ ಎಂಬುದು ವಂಶದ ಸ್ವತ್ತಾಯಿತು. ಇಂದು ಅದನ್ನು ಒಂದನೆಯ, ಎರಡನೆಯ ಎಂದು ಎಣಿಸಿ ಹೇಳಬೇಕಾಗಿದೆ. ವಲ್ಲಭ ಎಂಬುದು ಪೀಠದ ಹೆಸರಾಗಿ ಪರದೇಶಗಳಿಗೆ ಹೋಯಿತು. ನೃಪತುಂಗ ಎಂಬುದಕ್ಕೆ ಮಾತ್ರ ಕನ್ನಡಿಗರಲ್ಲಿ ಎಣಿಕೆ ಬೇಕಿಲ್ಲ. ಬೆಂಗಳೂರಿನ ರಸ್ತೆಗೂ ಹುಬ್ಬಳ್ಳಿಯ ಬೆಟ್ಟಕ್ಕೂ ಸಂದದ್ದು ಆ ಹೆಸರೇ. ದಂಡು, ಕೋಟೆ, ಗರುಡಧ್ವಜಗಳ ನಡುವೆ ಹುಟ್ಟಿದ ಹಲವು ಬಿರುದುಗಳಲ್ಲಿ ಜನರ ನಾಲಗೆಯ ಮೇಲೆ ಉಳಿದದ್ದು ಒಬ್ಬ ಕವಿ ತನ್ನ ಗ್ರಂಥದಲ್ಲಿ ಆಧಾರವಾಗಿ ನಿಲ್ಲಿಸಿದ ಬಿರುದು. ಶ್ರೀವಿಜಯ ತನ್ನ ಹೆಸರನ್ನು ಹಿಂದಕ್ಕೆ ಸರಿಸಿ ಅರಸನ ಹೆಸರನ್ನು ಉಳಿಸಿದ. ಆ ಅರಸನನ್ನು ನೆನೆಯುವಾಗಲೆಲ್ಲ ಕವಿಯನ್ನೂ ನೆನೆಯುವುದು ಕನ್ನಡ ವಿದ್ವತ್ತಿನ ಮೇಲಿರುವ ಋಣ.